ಗ್ಯಾರೇಜಿನ ಹೆಸರಿನಲ್ಲಿ ಮಕ್ಕಳನ್ನು ಹೆದರಿಸಬೇಡಿ



“ಓದದಿದ್ದರೆ ಗ್ಯಾರೇಜಿಗೆ ಸೇರಿಸಿಬಿಡುತ್ತೇನೆ” ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳನ್ನು ಗದರಿಸುವ ಮಂತ್ರವಾಗಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ನಮ್ಮ ಬಂಧುವರ್ಗದಲ್ಲಿಯೇ ಇದನ್ನು ಕೇಳಬೇಕಾಯಿತು. ಗಣಿತದಲ್ಲಿ ಕಡಿಮೆ ಅಂಕ ಪಡೆದ ಹುಡುಗನೊಬ್ಬನನ್ನು ಹತ್ತು ಜನರ ಎದುರು ನಿಲ್ಲಿಸಿ, “ಇವನು ತಗಡು ಬಡಿಯಲಿಕ್ಕೇ ಲಾಯಕ್ಕು” ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಬಾಳಿನ ಬಹುಭಾಗವನ್ನು ಗಣಿತ, ವಿಜ್ಞಾನಗಳ ಬೋಧನೆಯಲ್ಲಿ ಕಳೆದ ನಾನು ಈ ಮಾತನ್ನು ಖಂಡಿಸದೆ ಇರಲಾರೆ. ತಗಡು ಬಡಿಯುವುದೆಂದರೇನು ಎಂಬುದನ್ನು ಅರಿತವರು ಅದನ್ನು ಬೈಗುಳವಾಗಿ ಬಳಸಲಾರರು.

ಒಂದೇ ಉದಾಹರಣೆಯನ್ನು ತೆಗೆದುಕೊಳ್ಳೋಣ: ಹಳೆಯ ಕಾರಿನ ಮಾಡಿಗೆ ಹೊಸ ತಗಡನ್ನು ಕೂಡಿಸುವ ಕೆಲಸ.

1930ರ ದಶಕದ ಆರಂಭದವರೆಗೂ ಅಮೆರಿಕದ ಬಹುತೇಕ ಕಾರುಗಳಿಗೆ ಇಡಿಯಾದ ಉಕ್ಕಿನ ಮಾಡು ಇರಲಿಲ್ಲ. ನಡುವೆ ದೊಡ್ಡ ಕಿಂಡಿಯನ್ನು ಬಿಟ್ಟು, ಮರದ ಪಟ್ಟಿಗಳನ್ನು ಜೋಡಿಸಿ, ಮೇಲೆ ನೀರು ಇಳಿಯದ ಬಟ್ಟೆಯನ್ನು ಬಿಗಿಯುತ್ತಿದ್ದರು. ಅಷ್ಟು ಅಗಲವಾದ ಹಾಳೆಯನ್ನು ಒಮ್ಮೆಗೇ ಅಚ್ಚಿಗೆ ಒತ್ತುವುದು ಕಾರ್ಖಾನೆಗಳಿಗೂ ಸುಲಭವಾಗಿರಲಿಲ್ಲ. ಜನರಲ್ ಮೋಟರ್ಸ್ ಕಂಪನಿಯು 1935ರ ಮಾದರಿಗಳಲ್ಲಿ ಪೂರ್ಣ ಉಕ್ಕಿನ ಮಾಡನ್ನು ತಂದಾಗ ಅದಕ್ಕೆ ‘ಟರೆಟ್ ಟಾಪ್’ ಎಂದು ಹೆಸರಿಟ್ಟು ದೊಡ್ಡದಾಗಿ ಪ್ರಚಾರ ಮಾಡಿತು. ಅದಕ್ಕೂ ಹಿಂದಿನ ಕಾರುಗಳಲ್ಲಿ ಬಟ್ಟೆ ಜೀರ್ಣವಾಗಿ, ನೀರಿಳಿದು, ಮರ ಕೊಳೆಯುತ್ತದೆ. ಆದುದರಿಂದ ಮಾಲೀಕರಲ್ಲಿ ಅನೇಕರು ಆ ಕಿಂಡಿಯನ್ನು ಉಕ್ಕಿನ ತಗಡಿನಿಂದ ಮುಚ್ಚಿಸುತ್ತಾರೆ. ಅದನ್ನು ಆಯಾ ಕಾರಿನ ಬಾಗಿಗೆ ತಕ್ಕಂತೆ ಕೈಯಿಂದಲೇ ರೂಪಿಸಬೇಕು.

ಇಲ್ಲಿ ಗಣಿತ ಪ್ರವೇಶಿಸುತ್ತದೆ. ಹಾಳೆಯನ್ನು ಒಂದು ದಿಕ್ಕಿಗೆ ಬಾಗಿಸಿ ಕೊಳವೆಯಾಗಿಸುವುದು ಸುಲಭ. ಕಾರಿನ ಮಾಡಾದರೋ ಉದ್ದಕ್ಕೂ ಬಾಗಿದೆ, ಅಗಲಕ್ಕೂ ಬಾಗಿದೆ. ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ, ಕುಗ್ಗಿಸದೆ ಇಂತಹ ಆಕಾರಕ್ಕೆ ತರುವುದು ಅಸಾಧ್ಯವೆಂಬುದು ಗೌಸ್ 1827ರಲ್ಲಿ ನೀಡಿದ ಪ್ರಮೇಯದಿಂದ ಸಿದ್ಧವಾಗುತ್ತದೆ. ಭೂಮಿಯ ನಕ್ಷೆಯನ್ನು ಕಾಗದದ ಮೇಲೆ ವಿರೂಪವಿಲ್ಲದೆ ಬರೆಯಲಾಗದಿರುವುದಕ್ಕೂ ಇದೇ ಕಾರಣ. ನಮ್ಮ ಅಜ್ಜಿಯರಿಗೂ ಈ ಸತ್ಯ ಗೊತ್ತಿತ್ತು. ಮುತ್ತುಗದ ಎಲೆ ದೊನ್ನೆಯಾಗಬೇಕಾದರೆ ಅಂಚನ್ನು ಮಡಿಸಿ ಕಡ್ಡಿ ಚುಚ್ಚಬೇಕು. ಅದು ಕುಗ್ಗಿಸುವ ಮಾರ್ಗ. ರೊಟ್ಟಿಯನ್ನು ತಟ್ಟಿದಂತೆ ಅದು ತೆಳುವಾಗಿ ಹರಡುತ್ತದೆ. ಅದು ಹಿಗ್ಗಿಸುವ ಮಾರ್ಗ. ಟಿಂಕರಿಂಗ್ ಕೆಲಸಗಾರನು ಈ ಎರಡನ್ನೂ ಸುಮಾರು 1 ಮಿ.ಮೀ. ದಪ್ಪದ ಉಕ್ಕಿನ ಮೇಲೆ ಮಾಡುತ್ತಾನೆ. ಮರಳಿನ ಚೀಲದ ಮೇಲೆ ತಗಡನ್ನಿಟ್ಟು ಕೊಡತಿಯಿಂದ ಬಡಿದು ಹಿಗ್ಗಿಸುತ್ತಾನೆ. ಅಂಚಿನಲ್ಲಿ ನೆರಿಗೆ ಹಿಡಿದು, ಅದನ್ನು ಅದರೊಳಗೇ ಬಡಿದು ಕುಗ್ಗಿಸುತ್ತಾನೆ.

ಎಷ್ಟು ಹಿಗ್ಗಿಸಬೇಕು? ನನ್ನ ಹಳೆಯ ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಲೆಕ್ಕ ಮಾಡಲಿ. ಕಿಂಡಿಯ ಅಂಚು 1200 ಮಿ.ಮೀ. ಉದ್ದದ ಸರಳರೇಖೆ ಎಂದಿಟ್ಟುಕೊಳ್ಳಿ. ತಗಡಿನ ನಡುರೇಖೆಯು ಅಷ್ಟೇ ಅಂತರದಲ್ಲಿ 50 ಮಿ.ಮೀ. ಉಬ್ಬಿ ಇಳಿಯಬೇಕು. ಆ ಕಂಸದ ಉದ್ದ ಸುಮಾರು 1205.5 ಮಿ.ಮೀ. ಆಗುತ್ತದೆ. ಅಂದರೆ ನಾಲ್ಕಡಿ ಉದ್ದದಲ್ಲಿ ಐದೂವರೆ ಮಿ.ಮೀ. ಮಾತ್ರ ಹೆಚ್ಚು, ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಈ ಹಿಗ್ಗು ನಡುವೆ ಪೂರ್ಣವಾಗಿದ್ದು, ಅಂಚಿನತ್ತ ಹೋದಂತೆ ಕ್ರಮವಾಗಿ ಶೂನ್ಯಕ್ಕಿಳಿಯಬೇಕು. ನಡುವೆ ಸ್ವಲ್ಪ ಹೆಚ್ಚಾದರೂ ತಗಡು ಡಬ್ಬಿಯ ಮುಚ್ಚಳದಂತೆ ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ ಟಪ್ ಎಂದು ಜಿಗಿಯುತ್ತದೆ. ಬಹಳ ಉಬ್ಬಿದ ಮಡ್‌ಗಾರ್ಡಿಗಿಂತ, ಚಪ್ಪಟೆಯಂತೆ ಕಾಣುವ ಮಾಡೇ ಕಠಿಣವೆನಿಸುವುದು ಈ ಕಾರಣದಿಂದ.

ಅನಂತರ ಬೆಸುಗೆ. ಬೆಂಕಿ ಸೋಕಿದ ಲೋಹ ತಣ್ಣಗಾಗುವಾಗ ಸಂಕುಚಿಸುತ್ತದೆ, ಅಂಚು ಗಿಡ್ಡವಾಗುತ್ತದೆ, ಸರಿಯಾಗಿದ್ದ ಮಾಡು ಮತ್ತೆ ಅಲೆಯಾಗುತ್ತದೆ. ಆದುದರಿಂದ ಅವನು ಅಲ್ಲೊಂದು ಇಲ್ಲೊಂದು ಚುಕ್ಕೆಯಂತೆ ಬೆಸೆದು, ಆರಲು ಬಿಟ್ಟು, ಬೆಸುಗೆಯ ಕೆಳಗೆ ಕಬ್ಬಿಣದ ಡಾಲಿ ಹಿಡಿದು ಮೇಲಿನಿಂದ ಸುತ್ತಿಗೆಯಲ್ಲಿ ಬಡಿದು, ಕುಗ್ಗಿದಷ್ಟನ್ನು ಮರಳಿ ಹಿಗ್ಗಿಸುತ್ತಾನೆ. ಉಷ್ಣದಿಂದ ಘನವಸ್ತುಗಳ ವ್ಯಾಕೋಚನ ಎಂಬ ಪಾಠದಲ್ಲಿ ನಾವು ಬಾಯಿಪಾಠ ಮಾಡಿಸಿದ್ದು ಇದನ್ನೇ ಅಲ್ಲವೇ?

ನನ್ನ ಶಿಷ್ಯನೊಬ್ಬ ಇದೇ ಕಸುಬಿನಲ್ಲಿದ್ದಾನೆ. ತಗಡಿನ ಮೇಲೆ ತೆಳುವಾದ ಬಟ್ಟೆ ಹಾಸಿ, ಅದರ ಮೇಲೆ ಅಂಗೈ ಆಡಿಸುತ್ತ, “ಕಣ್ಣಿಗಿಂತ ಕೈ ಬೇಗ ಹೇಳುತ್ತೆ ಮೇಷ್ಟ್ರೇ” ಎಂದ. ಅವನ ಕೈಗೆ ತಿಳಿದ ಏರುತಗ್ಗು ನನ್ನ ಕೈಗೆ ತಿಳಿಯಲಿಲ್ಲ. ಶಾಲೆಯ ದಾಖಲೆಯ ಪ್ರಕಾರ ಅವನು ಗಣಿತದಲ್ಲಿ ಅನುತ್ತೀರ್ಣ. ನಮ್ಮ ಪ್ರಶ್ನೆಪತ್ರಿಕೆ ಅಳೆದದ್ದು ಏನನ್ನು ಎಂದು ಕೇಳುವ ಹಕ್ಕು ಅವನಿಗಿದೆ.

“ಇದೆಲ್ಲ ಮಾತಿಗೆ ಚೆಂದ, ಆ ಕೆಲಸದಲ್ಲಿ ಹಣವೆಲ್ಲಿ, ಮರ್ಯಾದೆಯೆಲ್ಲಿ?” ಎಂದು ನೀವು ಕೇಳುವಿರಿ. ನಾನು ಆ ಬದುಕನ್ನು ಬಣ್ಣಿಸಲು ಹೊರಟಿಲ್ಲ. ಬೆಸುಗೆಯ ಹೊಗೆ, ಕಿವಿಗಡಚಿಕ್ಕುವ ಸದ್ದು, ಎಷ್ಟೋ ಶೆಡ್ಡುಗಳಲ್ಲಿ ವಿಮೆಯಾಗಲಿ ಪಿಂಚಣಿಯಾಗಲಿ ಇಲ್ಲದ ದುಡಿಮೆ. ಆದರೆ ಹಣ ಕೊಡದವರು ಯಾರು? ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಹಳೆಯ ವಾಹನಗಳನ್ನು ಕಂಡು ಬೆರಗಾಗುವ ನಾವೇ, ಊರಿನ ಟಿಂಕರ್ ಹೇಳಿದ ಕೂಲಿಯನ್ನು ಅರ್ಧಕ್ಕಿಳಿಸಲು ಚೌಕಾಸಿ ಮಾಡುತ್ತೇವೆ. ಮೂರು ದಿನದ ಕೆಲಸವನ್ನು ಸಂಜೆಯೊಳಗೆ ಕೇಳುತ್ತೇವೆ. ಆಗ ಅವನು ತಗ್ಗಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು ಕಳುಹಿಸುತ್ತಾನೆ. ಕೆಲವು ಮಳೆಗಾಲಗಳಲ್ಲಿ ಪುಟ್ಟಿ ಬಿರಿದು, ಅಡಿಯಲ್ಲಿ ಬೆಳೆದ ತುಕ್ಕು ಹೊರಗೆ ಬರುತ್ತದೆ. ಮೋಸವಾಯಿತೆಂದು ಕೂಗುವವರೂ ನಾವೇ.

“ಇನ್ನು ಮುಂದೆ ಎಲ್ಲವನ್ನೂ ಯಂತ್ರವೇ ಮಾಡುತ್ತದೆ” ಎಂಬ ವಾದವೂ ಇದೆ. ಸಾವಿರಾರು ಮಾಡುಗಳನ್ನು ಒಂದೇ ಬಗೆಯಲ್ಲಿ ಒತ್ತಲು ಯಂತ್ರ ಬೇಕು. ಒಂದೇ ಒಂದು ಕಾರಿಗಾಗಿ ಅಚ್ಚು ಮಾಡಿಸುವ ವೆಚ್ಚವನ್ನು ಯಾರು ಭರಿಸುವರು? ಅಲ್ಲಿ ಕೈಯೇ ಗತಿ.

ಕೈಕಸುಬಿನ ಮೂಲಕ ಶಿಕ್ಷಣ ಎಂಬ ವಿಚಾರವನ್ನು ಗಾಂಧೀಜಿಯವರು 1937ರ ವಾರ್ಧಾ ಸಮ್ಮೇಳನದಲ್ಲಿಯೇ ದೇಶದ ಮುಂದಿಟ್ಟಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಲಿ ಎಂದಿತು. ಕಾಗದದ ಮೇಲೆ ನಾವು ಎಂದೂ ಹಿಂದೆ ಬಿದ್ದವರಲ್ಲ. ಮನೆಯ ಜಗುಲಿಯಲ್ಲಿ ಮಾತ್ರ ಅದೇ ಬೈಗುಳ.

ಓದನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಜ್ಯಾಮಿತಿ ಓದಿದ ಟಿಂಕರ್ ಇನ್ನೂ ಉತ್ತಮ ಟಿಂಕರ್ ಆಗುತ್ತಾನೆ. ಐ.ಟಿ.ಐ.ಗಳಲ್ಲಿ ಶೀಟ್ ಮೆಟಲ್ ವೃತ್ತಿಗೆ ತರಬೇತಿಯೂ ಉಂಟು. ಹುಡುಗ ಅತ್ತ ಒಲಿದರೆ ಸೋತವನಂತೆ ಕಳುಹಿಸಬೇಡಿ, ಗೆದ್ದವನಂತೆ ಕಳುಹಿಸಿ. ಬರುವ ರಜೆಯಲ್ಲಿ ನಿಮ್ಮ ಮಕ್ಕಳನ್ನು ಹತ್ತಿರದ ಶೆಡ್ಡಿಗೆ ಕರೆದೊಯ್ದು, ಮುಖ್ಯ ಕೆಲಸಗಾರನಿಗೆ ನಮಸ್ಕಾರ ಹೇಳಿಸಿ, ಒಂದು ಗಂಟೆ ನಿಂತು ನೋಡಲು ಬಿಡಿ. ಅವನು ಹೇಳಿದ ಕೂಲಿಯನ್ನು ಕೊಡಿ. ಮತ್ತು ತಲೆ ತಗ್ಗಿಸಿ ನಿಂತ ಆ ಹುಡುಗನ ತಂದೆತಾಯಿಗಳಲ್ಲಿ ನನ್ನದೊಂದು ಪ್ರತ್ಯೇಕ ವಿನಂತಿ: ಹತ್ತು ಜನರ ಎದುರು ಆಡಿದ ಮಾತನ್ನು ಹತ್ತು ಜನರ ಎದುರಿಗೇ ಹಿಂತೆಗೆದುಕೊಳ್ಳಿ.