ಗಾಯವೂ ಗಂಭೀರವೇ?

‘ಗಾಯಾಳುವಿನ ಸ್ಥಿತಿ ಗಂಭೀರ’ ಎಂದು ನಮ್ಮ ಪತ್ರಿಕೆಗಳು ಬರೆಯುವುದನ್ನು ನಾವು ಒಪ್ಪಲಾರೆವು. ಗಂಭೀರವೆಂದರೆ ಮೂಲತಃ ಆಳವಾದದ್ದು. ಋಗ್ವೇದದ ನಾಸದೀಯ ಸೂಕ್ತದಲ್ಲಿ ‘ಗಭೀರ’ವು ನೀರಿಗೆ ವಿಶೇಷಣ, ಕಾಳಿದಾಸನ ಮೇಘದೂತದಲ್ಲಿ ಗಂಭೀರಾ ಎಂಬ ನದಿಯೇ ಇದೆ. ಆ ಆಳವನ್ನೇ ಹಿರಿಯರು ದನಿಗೂ ನಡತೆಗೂ ಹೇಳಿದರು. ಮಡು ಆಳವಾದಷ್ಟೂ ಸದ್ದು ಕಡಿಮೆ. ಗಂಭೀರ ಮನುಷ್ಯನೂ ಹಾಗೆಯೇ ಹೊರತು ನಗುವನ್ನೇ ಬಿಟ್ಟವನಲ್ಲ. ಈಗಲೋ, ಕಚೇರಿಯ ಗಂಟುಮೋರೆಯವರಿಗೆಲ್ಲ ಈ ಬಿರುದು! (ಫೈಲು ಮಾತ್ರ ಮುಂದೆ ಹೋಗದು.) ಇಂಗ್ಲಿಷಿನ ‘ಸೀರಿಯಸ್’ ಸ್ವಭಾವಕ್ಕೂ ರೋಗಕ್ಕೂ ಸಲ್ಲುತ್ತದೆಂದು ನಾವೂ ಎರಡನ್ನೂ ಒಂದೇ ಮಾತಿನಲ್ಲಿ ತುರುಕಬೇಕೆ? ದಿಲ್ಲಿಯ ಹಿಂದಿ ಪತ್ರಿಕೆಗಳು ಹಾಗೆಯೇ ಮಾಡುತ್ತವೆ, ಮಾಡಲಿ. ನಮ್ಮಲ್ಲಿ ರೋಗಕ್ಕೆ ‘ಉಲ್ಬಣ’, ಗಾಯಕ್ಕೆ ‘ತೀವ್ರ’, ಸ್ಥಿತಿಗೆ ‘ಚಿಂತಾಜನಕ’, ಆರೋಪಕ್ಕೆ ‘ಗುರುತರ’ ಇಲ್ಲವೆ? ಹಳ್ಳಿಯವರಂತೂ ‘ಪೆಟ್ಟು ಜೋರಾಗಿದೆ’ ಎಂದು ಹೇಳಿ ಮುಗಿಸುತ್ತಾರೆ.