ಸೇತುವೆಗಿಂತ ಮೊದಲು ಹೊಳೆ ದಾಟಿದವರು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಮಾತು ಬಂದಾಗ ನಾವು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ಹೇಳೋದು ಬೈಲಿ ಬ್ರಿಡ್ಜ್ ಬಗ್ಗೆ. ನಮ್ಮ ಬೆಂಗಳೂರಿನಲ್ಲೇ ನೆಲೆ ಇರುವ ಮದ್ರಾಸ್ ಇಂಜಿನಿಯರ್ ಗ್ರೂಪ್‌ನ ಸೈನಿಕರು 190 ಅಡಿ ಉದ್ದದ ಆ ಸೇತುವೆಯನ್ನು ಆಗಸ್ಟ್ 1ರಂದು ಕಟ್ಟಿ ಮುಗಿಸಿದರು. ಹೆಮ್ಮೆಪಡೋ ಕೆಲಸವೇ.

ಆದರೆ ಸೇತುವೆ ಏಳುವ ಮೊದಲೇ ಒಬ್ಬ ನರ್ಸ್ ಹೊಳೆ ದಾಟಿದ್ದರು. ಅವರು ನೀಲಗಿರಿ ಜಿಲ್ಲೆಯ ಗೂಡಲೂರಿನ ಸಬೀನಾ. ಔಷಧಿಯ ಬ್ಯಾಗ್ ಹಿಡಿದು, ಜಿಪ್‌ಲೈನ್‌ನಲ್ಲಿ ತೂಗಾಡುತ್ತಾ ಆಚೆ ಹೋಗಿ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟರು. ಆ ವರ್ಷದ ಸ್ವಾತಂತ್ರ್ಯ ದಿನದಂದು ತಮಿಳುನಾಡು ಸರ್ಕಾರ ಅವರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ನೀಡಿತು.

ನಾವು ಇಂಥ ವಿಡಿಯೋ ನೋಡ್ತೀವಿ, ‘ಸೂಪರ್ ವುಮನ್’ ಅಂತ ಸ್ಟೇಟಸ್ ಹಾಕ್ತೀವಿ, ಅಲ್ಲಿಗೆ ಮುಗೀತು. ಹಗ್ಗದ ಮೇಲಿನ ಪ್ರಯಾಣ ಕೆಲವೇ ನಿಮಿಷದ್ದು. ನರ್ಸ್‌ಗಳ ನಿಜವಾದ ಕಷ್ಟ ಶುರುವಾಗೋದು ಆಚೆ ದಡದಲ್ಲಿ. ಆಸ್ಪತ್ರೆಯಲ್ಲಾದರೆ ಡಾಕ್ಟರ್, ಆಕ್ಸಿಜನ್, ಕರೆಂಟ್ ಎಲ್ಲ ಇರುತ್ತೆ. ಕೆಸರಲ್ಲಿ ಇರೋದು ಬ್ಯಾಗಿನಲ್ಲಿ ತಂದಷ್ಟೇ. ಒಟ್ಟಿಗೆ ಹತ್ತು ಜನ ನರಳುವಾಗ ಯಾರನ್ನು ಮೊದಲು ನೋಡಬೇಕು ಅಂತ ನಿಂತಲ್ಲೇ ನಿರ್ಧರಿಸಬೇಕು. ಇದಕ್ಕೆ ಟ್ರಯಾಜ್ ಅಂತಾರೆ. ಉಳಿಯೋದು ಕಷ್ಟ ಅನ್ನಿಸಿದವರನ್ನು ಬಿಟ್ಟು ಪಕ್ಕದವರ ಹತ್ತಿರ ಹೋಗಬೇಕಾದ ಸಂದರ್ಭವೂ ಬರುತ್ತೆ. ಅಂಥ ಮುಖಗಳು ಮನೆಗೆ ಬಂದಮೇಲೂ ಅಷ್ಟು ಸುಲಭಕ್ಕೆ ಮರೆಯೋದಿಲ್ಲ.

‘ತಾವಾಗಿಯೇ ಹೋದವರಲ್ವಾ, ಅವರಿಗೆ ಏನು ಕೊಡಬೇಕು?’ ಅಂತ ಕೇಳೋರಿದ್ದಾರೆ. ಸೇತುವೆ ಕಟ್ಟಿದ ಸೈನಿಕರಿಗೆ ತರಬೇತಿ, ಸಲಕರಣೆ, ಸಂಬಳ ಎಲ್ಲ ಇತ್ತು. ತಾನಾಗಿ ಹೋಗುವ ನರ್ಸ್‌ಗೆ ಮಾತ್ರ ಧೈರ್ಯ ಒಂದಿದ್ದರೆ ಸಾಕಾ? ಹೋಗಲು ಸಿದ್ಧ ಇರುವ ನರ್ಸ್‌ಗಳ ಪಟ್ಟಿ ಪ್ರತಿ ಜಿಲ್ಲೆಯಲ್ಲೂ ಮೊದಲೇ ಇರಬೇಕು. ಅವರಿಗೆ ಹಗ್ಗದ ತರಬೇತಿ, ವಿಮೆ, ಸಂಬಳ ಸಹಿತ ರಜೆ ಸಿಗಬೇಕು. ವಾಪಸ್ ಬಂದಮೇಲೆ ಆಪ್ತ ಸಮಾಲೋಚನೆಯೂ ಬೇಕು. ಇದು ಬರೀ ಕೇರಳದ ವಿಷಯ ಅಲ್ಲ. 2018ರಲ್ಲಿ ಕೊಡಗು, 2024ರ ಅದೇ ಜುಲೈನಲ್ಲಿ ಅಂಕೋಲಾದ ಶಿರೂರು ಕುಸಿದದ್ದನ್ನು ನಾವೂ ಕಂಡಿದ್ದೇವೆ.

ನಮ್ಮ ಕೈಲಾಗೋದೂ ಒಂದಿದೆ. ‘ವಿಪತ್ತು ನಿರ್ವಹಣೆ’ ಅಂದ್ರೆ ಸಾಕು, ಡ್ರೋನ್, ಸೆನ್ಸರ್ ಅಂತ ಹೊರಟುಬಿಡ್ತೀವಿ. ಮಳೆಯಲ್ಲಿ ನೆನೆಯದ, ಹಗ್ಗದಲ್ಲಿ ಹೋಗುವಾಗ ಭಾರ ಆಗದ ಔಷಧಿ ಬ್ಯಾಗ್ ಹೇಗಿರಬೇಕು ಅಂತ ಯಾವ ನರ್ಸನ್ನೂ ಕೇಳಿರೋದಿಲ್ಲ. ಮುಂದಿನ ಹ್ಯಾಕಥಾನ್‌ನಲ್ಲಿ ಈ ಥೀಮ್ ಇಟ್ಟರೆ, ತೀರ್ಪುಗಾರರ ಸಾಲಲ್ಲಿ ಒಬ್ಬ ನರ್ಸ್‌ಗೂ ಕುರ್ಚಿ ಹಾಕೋಣ.