ಸಾವಿರ ಸುತ್ತಿನ ಪಾಠ

ನಮ್ಮಲ್ಲಿ ಒಂದು ವಿಚಿತ್ರವಾದ ನಂಬಿಕೆ ಬೇರೂರಿದೆ. ಲೇಖನಿ ಹಿಡಿದ ಕೈ ಸ್ಕ್ರೂಡ್ರೈವರನ್ನು ಹಿಡಿಯಬಾರದು. ಹಿಡಿದರೆ ಓದಿಗೆ ಕುಂದು. ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಎಂದು ಆರಿಸಿಕೊಂಡ ನಮ್ಮಂಥವರಿಗಂತೂ ತಂತಿ, ಕಬ್ಬಿಣ, ವಿದ್ಯುತ್ತು ಇವೆಲ್ಲ ಪಕ್ಕದ ಕೇರಿಯ ವಿಷಯಗಳು. ಈ ನಂಬಿಕೆ ತಪ್ಪೆಂದೂ, ಕಲಾ ವಿಭಾಗದ ವಿದ್ಯಾರ್ಥಿಯು ತನ್ನ ಕಾಲೇಜಿನ ದಿನಗಳಲ್ಲಿ ಒಂದಾದರೂ ಧ್ವನಿ ಟ್ರಾನ್ಸ್‌ಫಾರ್ಮರನ್ನು ಮನೆಯಲ್ಲಿ ಕೈಯಾರೆ ಸುತ್ತಿ ನೋಡಬೇಕೆಂದೂ ವಾದಿಸುವುದು ಈ ಲೇಖನದ ಉದ್ದೇಶ. ವಾಚಕರು ನಗಬಹುದು. ಕೊನೆಯವರೆಗೆ ಓದಿ ಆಮೇಲೆ ನಕ್ಕರೆ ನನಗೆ ಬೇಸರವಿಲ್ಲ.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ಒಂದು ಸಭೆಯಲ್ಲಿ. ವೇದಿಕೆಯ ಮೇಲೆ ಗೆಳತಿಯೊಬ್ಬಳು ಭಾವಗೀತೆ ಹಾಡುತ್ತಿದ್ದಳು. ತಂಬೂರಿಯ ಶ್ರುತಿ ಲ್ಯಾಪ್‌ಟಾಪಿನಿಂದ ಬರುತ್ತಿತ್ತು. ಅದಕ್ಕೆ ಚಾರ್ಜರ್ ಸಿಕ್ಕಿಸಿದೊಡನೆಯೇ ಧ್ವನಿವರ್ಧಕದಲ್ಲಿ ‘ಗುಂಯ್’ ಎಂಬ ಎರಡನೆಯ ಶ್ರುತಿಯೊಂದು ಎದ್ದಿತು. ಚಾರ್ಜರ್ ಕಿತ್ತರೆ ಸದ್ದು ಅಡಗುತ್ತಿತ್ತು; ಆದರೆ ತುಸು ಹೊತ್ತಿನಲ್ಲಿಯೇ ಲ್ಯಾಪ್‌ಟಾಪೂ ಅಡಗುತ್ತಿತ್ತು. ಪಾಪ, ಆಕೆ ಎರಡು ಶ್ರುತಿಗಳ ನಡುವೆ ಹೋರಾಡುತ್ತ ಹಾಡನ್ನು ಮುಗಿಸಿದಳು. ಸಭಿಕರು ಚಪ್ಪಾಳೆ ತಟ್ಟಿದರು. ‘ಮೈಕಿನವರು ಸರಿಯಿಲ್ಲ’ ಎಂದು ಎಲ್ಲರೂ ಹೇಳಿದೆವು. ಅಷ್ಟು ಜನ ವಿದ್ಯಾವಂತರಲ್ಲಿ ಆ ಸದ್ದು ಏಕೆ ಬರುತ್ತದೆಂದು ಕೇಳಿದವರು ಒಬ್ಬರೂ ಇರಲಿಲ್ಲ. ನಾನೂ ಕೇಳಲಿಲ್ಲ, ಅದೇ ಆಮೇಲೆ ನನ್ನನ್ನು ಕಾಡಿದ್ದು.

ಕಾರಣ ಸರಳವಾದದ್ದು. ಆಂಪ್ಲಿಫೈಯರು ತನ್ನ ಪ್ಲಗ್ಗಿನ ಮೂಲಕ ಭೂಮಿಗೆ ಸೇರಿದೆ. ಲ್ಯಾಪ್‌ಟಾಪೂ ತನ್ನ ಚಾರ್ಜರಿನ ಮೂಲಕ ಭೂಮಿಗೆ ಸೇರಿದೆ. ಇವೆರಡರ ನಡುವೆ ಹಾಡನ್ನು ಒಯ್ಯುವ ಕೇಬಲ್ಲು ಎಳೆದಾಗ ಅದರ ಹೊರಹೆಣಿಗೆಯ ಮೂಲಕ ಒಂದು ಉಂಗುರವೇ ಪೂರ್ಣವಾಗುತ್ತದೆ. ಈ ಉಂಗುರದಲ್ಲಿ ಹರಿಯುವ ಅಲೆಮಾರಿ ವಿದ್ಯುತ್ತೇ ಆ ಗುಂಯ್‌ಕಾರ. ಕೆಲವರು ಪ್ಲಗ್ಗಿನ ದಪ್ಪ ಪಿನ್ನನ್ನು ತೆಗೆದುಬಿಟ್ಟು ಸದ್ದು ನಿಲ್ಲಿಸುತ್ತಾರೆ. ಅದು ಪ್ರಾಣದೊಡನೆ ಆಡುವ ಆಟ, ಎಂದಿಗೂ ಮಾಡಬಾರದು. ಉಂಗುರ ತುಂಡಾಗಬೇಕು, ಆದರೆ ಹಾಡು ದಾಟಿ ಹೋಗಬೇಕು. ಇದನ್ನು ಮಾಡಬಲ್ಲ ಸಾಧನವೇ ಒಂದಕ್ಕೊಂದು ಸಮನಾದ ಸುತ್ತುಗಳುಳ್ಳ ಧ್ವನಿ ಟ್ರಾನ್ಸ್‌ಫಾರ್ಮರು. ಒಂದೇ ಕಬ್ಬಿಣದ ಮೇಲೆ ಎರಡು ಸುರುಳಿಗಳು; ಒಂದರ ತಂತಿ ಇನ್ನೊಂದನ್ನು ಮುಟ್ಟುವುದಿಲ್ಲ. ಹಾಡು ಕಾಂತಶಕ್ತಿಯ ರೂಪದಲ್ಲಿ ಈ ದಡದಿಂದ ಆ ದಡಕ್ಕೆ ದಾಟುತ್ತದೆ.

ಇದು ವಿಜ್ಞಾನದವರ ಕೆಲಸವಲ್ಲವೆ ಎಂದು ಕೇಳುವವರಿಗೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಮೈಕೇಲ್ ಫ್ಯಾರಡೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಕಟ್ಟಲು ಬಂದ ವಿಶ್ವಕೋಶದಲ್ಲಿ ವಿದ್ಯುತ್ತಿನ ವಿಷಯವನ್ನು ಓದಿ ಆತ ಈ ದಾರಿ ಹಿಡಿದನು. ೧೮೩೧ರ ಆಗಸ್ಟ್ ೨೯ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆತ ಪ್ರಯೋಗಿಸಿದ ಕಬ್ಬಿಣದ ಬಳೆಯೇ ಲೋಕದ ಮೊದಲ ಟ್ರಾನ್ಸ್‌ಫಾರ್ಮರು ಎನ್ನಬಹುದು. ಆಗ ಎನಾಮಲ್ ತಂತಿ ಎಲ್ಲಿತ್ತು? ಬರಿಯ ತಾಮ್ರದ ತಂತಿಯ ಸುತ್ತುಗಳ ನಡುವೆ ಹುರಿಯನ್ನೂ, ಪದರಗಳ ನಡುವೆ ಹತ್ತಿಬಟ್ಟೆಯನ್ನೂ ಇಟ್ಟು ಆತ ಅದನ್ನು ಸುತ್ತಿದನು. ರಟ್ಟು ಕಟ್ಟಿ ಪಳಗಿದ ಕೈಗೆ ಹುರಿಯೂ ಬಟ್ಟೆಯೂ ಹೊಸವಲ್ಲ ತಾನೆ!

ಎರಡನೆಯದು ನಮ್ಮ ನಾಡಿನದೇ. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಭೌತಶಾಸ್ತ್ರದ ಅಧ್ಯಾಪಕರಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದವರು. ‘ಆಕಾಶವಾಣಿ’ ಎಂಬ ಹೆಸರು ಬೆಳೆದದ್ದು ಆ ಮನೆಯ ಪ್ರಸಾರದಿಂದ. ಕಲಾ ಕಾಲೇಜಿನ ಅಧ್ಯಾಪಕರು ಮನೆಯಲ್ಲಿ ರೇಡಿಯೋ ನಿಲಯವನ್ನೇ ಕಟ್ಟಬಹುದಾದರೆ ಕಲಾ ಕಾಲೇಜಿನ ವಿದ್ಯಾರ್ಥಿಗಳು ಒಂದು ಸುರುಳಿ ಸುತ್ತಲಾರರೆ?

ಇನ್ನು ಆರಂಭಿಸುವ ಬಗೆ. ನನ್ನ ಮೊದಲ ಸಲಹೆ ವಿಪರೀತವೆನಿಸಬಹುದು: ಸುತ್ತುವ ಮೊದಲು ಬಿಚ್ಚಿರಿ. ಕೆಟ್ಟುಹೋದ ಹಳೆಯ ಬ್ಯಾಟರಿ ಎಲಿಮಿನೇಟರಿನ ಟ್ರಾನ್ಸ್‌ಫಾರ್ಮರೊಂದನ್ನು ಗುಜರಿಯಿಂದ ತನ್ನಿ. ಅದರ ತಗಡುಗಳನ್ನು, ಅಂದರೆ ಅಂಗಡಿಯವರು ‘ಸ್ಟಾಂಪಿಂಗ್’ ಎನ್ನುವುದನ್ನು, ಒಂದೊಂದಾಗಿ ಬಾಗಿಸದೆ ಹೊರತೆಗೆಯಿರಿ. ಅವು ಮುಂದೆ ಬೇಕು. ಆಮೇಲೆ ತಂತಿಯನ್ನು ಎಣಿಸುತ್ತ ಬಿಚ್ಚಿರಿ. ನಾನು ಬಿಚ್ಚಿದ್ದರಲ್ಲಿ ೧೨ ವೋಲ್ಟಿನ ಕಡೆಗೆ ಸುಮಾರು ೧೨೦ ಸುತ್ತುಗಳಿದ್ದವು. ೨೩೦ ವೋಲ್ಟಿನ ಕಡೆಗೆ ಎರಡು ಸಾವಿರಕ್ಕೂ ಮೇಲೆ. ವೋಲ್ಟಿಗೆ ಹತ್ತರಷ್ಟು ಸುತ್ತು! ಪುಸ್ತಕದಲ್ಲಿ ಒಂದೇ ಸಾಲಿನಲ್ಲಿರುವ ಸೂತ್ರ ಆ ಸಂಜೆ ನನ್ನ ಬೆರಳುಗಳಿಗೆ ತಿಳಿಯಿತು. ಪದರಕ್ಕೂ ಪದರಕ್ಕೂ ನಡುವೆ ಕಾಗದ ಎಲ್ಲಿದೆ, ತುದಿಗಳನ್ನು ಹೇಗೆ ಹೊರತಂದಿದ್ದಾರೆ ಎಂಬುದೆಲ್ಲ ಬಿಚ್ಚುವವನಿಗೆ ತಾನಾಗಿ ಕಾಣುತ್ತದೆ.

ಎರಡನೆಯದು, ಲೆಕ್ಕ. ನನ್ನ ಕೋರಿನ ನಡುಗಾಲು ೨೦ ಮಿಲಿಮೀಟರ್ ಅಗಲ. ತಗಡುಗಳನ್ನು ಒಟ್ಟಿದ ದಪ್ಪವೂ ಅಷ್ಟೇ. ಇಷ್ಟು ಕಬ್ಬಿಣದ ಮೇಲೆ ಸಾವಿರ ಸುತ್ತು ಹಾಕಿದರೆ ಸುರುಳಿಯ ಇಂಡಕ್ಟೆನ್ಸು ಸುಮಾರು ೨ ಹೆನ್ರಿ ಬರುತ್ತದೆ. ೬೦೦ ಓಮಿನ ಸಾಧನಗಳ ನಡುವೆ ಇಟ್ಟರೂ ಸುಮಾರು ೨೫ ಹರ್ಟ್ಸಿನವರೆಗಿನ ಮಂದ್ರಸ್ವರಗಳು ದಾಟುತ್ತವೆ. ಮನುಷ್ಯನ ಕಿವಿ ಕೇಳುವುದೇ ಸುಮಾರು ೨೦ರಿಂದ. ಆದುದರಿಂದ ನಮಗೆ ಇದು ಧಾರಾಳ. ೩೬ ಗೇಜಿನ ಎನಾಮಲ್ ತಂತಿ ಸಾಕು. ಒಂದು ಸುರುಳಿಗೆ ೧೦೫ ಮೀಟರಿನಷ್ಟು ತಂತಿ ಹಿಡಿಯುತ್ತದೆ. ಎರಡಕ್ಕೂ ಸೇರಿ ತೂಕ ಸುಮಾರು ೬೦ ಗ್ರಾಂ. ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಅಂಗಡಿಗಳಲ್ಲಿ ಇಂಥ ತಂತಿಯನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಬೆಂಗಳೂರಿನವರಿಗೆ ಎಸ್. ಪಿ. ರಸ್ತೆ ಇದ್ದೇ ಇದೆ.

ಮೂರನೆಯದು, ಸುತ್ತುವುದು. ಬಾಬಿನ್ನಿಗೆ ಸರಿಹೊಂದುವ ಮರದ ತುಂಡಿಗೆ ನಡುವೆ ಉದ್ದನೆಯ ಬೋಲ್ಟು ತೂರಿಸಿ, ಕೈಯಿಂದ ತಿರುಗಿಸುವ ಡ್ರಿಲ್ಲಿಗೆ ಅದನ್ನು ಸಿಕ್ಕಿಸಿದರೆ ಯಂತ್ರ ಸಿದ್ಧ. ಡ್ರಿಲ್ಲಿನ ಹಿಡಿ ಒಂದು ಸಲ ತಿರುಗಿದರೆ ಬಾಬಿನ್ನು ಎಷ್ಟು ಸಲ ತಿರುಗುತ್ತದೆಂದು ಮೊದಲೇ ಎಣಿಸಿಟ್ಟುಕೊಳ್ಳಬೇಕು. ನೂರು ಸುತ್ತಿಗೆ ಒಂದು ಹುಣಿಸೆಬೀಜವನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕುವುದು ನನ್ನ ಕ್ರಮ. ಎರಡು ಸುರುಳಿಗಳನ್ನು ಒಂದರ ಮೇಲೊಂದು ಸುಮ್ಮನೆ ಹೇರಬಾರದು. ಮೊದಲ ಸುರುಳಿಯ ೫೦೦, ಅದರ ಮೇಲೆ ಎರಡನೆಯದರ ಸಾವಿರವೂ, ಮತ್ತೆ ಮೊದಲನೆಯದರ ಉಳಿದ ೫೦೦. ಹೀಗೆ ಒಂದನ್ನೊಂದು ತಬ್ಬಿಕೊಂಡಿದ್ದರೆ ಕಾಂತಶಕ್ತಿ ಹೊರಗೆ ಸೋರುವುದು ಕಡಿಮೆಯಾಗಿ ತಾರಸ್ವರಗಳು ಉಳಿಯುತ್ತವೆ. ಎರಡು ಅರ್ಧಗಳನ್ನೂ ಒಂದೇ ದಿಕ್ಕಿಗೆ ಸುತ್ತಿ, ಮೊದಲರ್ಧದ ಕೊನೆಯನ್ನು ಎರಡನೆಯರ್ಧದ ಮೊದಲಿಗೆ ಸೇರಿಸಬೇಕು. ತಿರುವುಮುರುವಾದರೆ ಅವು ಪರಸ್ಪರ ಹೊಡೆದುಕೊಂಡು ಹಾಡೇ ಹೊರಡದು. ಕೊನೆಗೆ ತಗಡುಗಳನ್ನು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಹೆಣೆದಂತೆ ತೂರಿಸಬೇಕು.

ಈಗ ನನ್ನ ಸೋಲಿನ ಕಥೆ. ಮೊದಲ ಸಲ ನಾನು ಆತುರಪಟ್ಟು ಕೆಲವು ಪದರಗಳ ನಡುವೆ ಕಾಗದವನ್ನು ಬಿಟ್ಟೆ. ಮುಗಿದ ಮೇಲೆ ಮೀಟರು ಹಿಡಿದೆ. ಒಂದು ಸುರುಳಿ ೬೦ ಓಮ್ ತೋರಿಸಿತು, ಇನ್ನೊಂದು ೪೮. ಎರಡರಲ್ಲೂ ಸಂಪರ್ಕವಿದೆಯೆಂದು ಹಿಗ್ಗಿದೆ. ಜೋಡಿಸಿ ಕೇಳಿದರೆ ಹಾಡು ಬಾವಿಯ ತಳದಿಂದ ಬಂದಂತೆ ಕ್ಷೀಣ! ಅದನ್ನು ಮೋಟಾರು ಸುತ್ತುವ ಮೇಸ್ತ್ರಿಗಳ ಬಳಿಗೆ ಒಯ್ದೆ. ಅವರು ಅಂಚನ್ನು ಉಗುರಿನಿಂದ ಸವರಿ, ‘ಇಲ್ಲಿ ನೋಡಪ್ಪ, ಮೇಲಿನ ತಂತಿ ಜಾರಿ ಕೆಳಗಿನ ಪದರಕ್ಕೆ ಬಿದ್ದಿದೆ. ಎನಾಮಲ್ ಸವೆದು ನಡುವಿನ ಸುತ್ತೆಲ್ಲ ಶಾರ್ಟ್ ಆಗಿದೆ. ಎರಡೂ ಸಾವಿರ ಸುತ್ತು ಅಂತೀಯ, ಮತ್ತೆ ಒಂದು ಅರವತ್ತು, ಒಂದು ನಲವತ್ತೆಂಟು ಹೇಗಾಯ್ತು?’ ಎಂದರು. ನಾನು ನಿರುತ್ತರನಾದೆ. ಉತ್ತರ ನನ್ನ ಕೈಯಲ್ಲಿಯೇ ಇತ್ತು. ಎಷ್ಟು ಬರಬೇಕೆಂದು ಮೊದಲೇ ಲೆಕ್ಕ ಹಾಕದಿದ್ದವನಿಗೆ ಅದು ಕಾಣಲಿಲ್ಲ.

ಈ ಪ್ರಸಂಗವೇ ನನ್ನ ವಾದದ ತಿರುಳು. ನಾವು ಪರೀಕ್ಷೆಯಲ್ಲಿ ಅರ್ಧ ಗೊತ್ತಿದ್ದ ಪ್ರಶ್ನೆಗೆ ಮೂರು ಪುಟ ಬರೆಯಬಲ್ಲೆವು. ‘ಬಹುಮುಖ್ಯವಾದ ಪಾತ್ರ ವಹಿಸಿದೆ’ ಎಂದು ಬರೆದು ತಿಳಿಯದ್ದನ್ನು ಮುಚ್ಚಬಲ್ಲೆವು. ಭಾಷಣದಲ್ಲಿ ಧ್ವನಿಯನ್ನೇರಿಸಿ ತರ್ಕದ ತೂತನ್ನು ಮರೆಸಬಲ್ಲೆವು. ತಂತಿಗೆ ಇದೊಂದೂ ತಿಳಿಯದು. ತೊಂಬೈನೂರು ಸುತ್ತಿ ಸಾವಿರವೆಂದರೆ ಅದು ಒಪ್ಪುವುದಿಲ್ಲ. ಬಿಟ್ಟ ಕಾಗದವನ್ನು ಅದು ನೆನಪಿಟ್ಟುಕೊಂಡಿರುತ್ತದೆ. ಮಾತನ್ನೇ ಬಂಡವಾಳವಾಗಿ ಉಳ್ಳ ನಮಗೆ ಮಾತಿಗೆ ಮರುಳಾಗದ ಇಂಥ ಪರೀಕ್ಷಕನೊಬ್ಬನು ವಿಜ್ಞಾನದವರಿಗಿಂತ ಹೆಚ್ಚಾಗಿ ಬೇಕು. ಎರಡನೆಯ ಸಲ ನಾನು ಪ್ರತಿ ಪದರಕ್ಕೂ ಕಾಗದವಿಟ್ಟು, ತಂತಿಯನ್ನು ಬೆರಳುಗಳ ನಡುವಿನಿಂದ ಸಡಿಲವೂ ಅಲ್ಲದೆ ಬಿಗಿಯೂ ಅಲ್ಲದೆ ಬಿಡುತ್ತ ಮೂರು ಸಂಜೆ ಸುತ್ತಿದೆ. ಎರಡೂ ೬೦ರ ಆಸುಪಾಸಿಗೆ ಬಂದವು. ಲ್ಯಾಪ್‌ಟಾಪಿನ ಎಡ ಬಲ ಧ್ವನಿಗಳನ್ನು ತಲಾ ೪೭೦ ಓಮಿನ ರೆಸಿಸ್ಟರಿನ ಮೂಲಕ ಕೂಡಿಸಿ ಒಂದು ಸುರುಳಿಗೆ ಕೊಟ್ಟು, ಇನ್ನೊಂದನ್ನು ಆಂಪ್ಲಿಫೈಯರಿಗೆ ಜೋಡಿಸಿದೆ. ಚಾರ್ಜರ್ ಸಿಕ್ಕಿಸಿದೆ. ತಂಬೂರಿ ಮಾತ್ರ ನುಡಿಯಿತು.

ಆಕ್ಷೇಪಣೆಗಳಿಲ್ಲದಿಲ್ಲ. ‘ಇದು ಅಂಗಡಿಯಲ್ಲಿಯೇ ಸಿಗುತ್ತದಲ್ಲ’ ಎನ್ನುವರು. ಸಿಗುತ್ತದೆ, ಕೊಂಡದ್ದು ಮೊದಲ ಪ್ರಯತ್ನದ ನಮ್ಮದಕ್ಕಿಂತ ಚೆನ್ನಾಗಿಯೂ ಇರಬಹುದು. ಹಣ ಉಳಿಸಲು ಸುತ್ತಿರೆಂದು ನಾನು ಹೇಳುತ್ತಿಲ್ಲ. ಊರಿನ ಕಥೆಯನ್ನು ಬಲ್ಲವರು ಬರೆದಿಟ್ಟಿದ್ದಾರೆಂದು ನಾವು ಪ್ರಬಂಧ ಬರೆಯುವುದನ್ನು ಬಿಟ್ಟಿದ್ದೇವೆಯೆ? ‘ಈಗಿನ ಆಂಪ್ಲಿಫೈಯರುಗಳಿಗೆ ಟ್ರಾನ್ಸ್‌ಫಾರ್ಮರೇ ಬೇಡ’ ಎಂಬುದು ಇನ್ನೊಂದು ಮಾತು. ಧ್ವನಿವರ್ಧಕವನ್ನು ನಡೆಸಲು ಬೇಡ, ನಿಜ. ಆದರೆ ಎರಡು ಸಾಧನಗಳನ್ನು ಮುಟ್ಟಿಸದೆ ಮಾತನಾಡಿಸುವಲ್ಲಿ ಅದರ ಕೆಲಸ ಇನ್ನೂ ಮುಗಿದಿಲ್ಲವೆಂಬುದನ್ನು ನಮ್ಮ ಸಭೆಗಳೇ ಸಾರುತ್ತಿವೆ.

ಉತ್ಸಾಹಿಗಳಿಗೆ ಎರಡು ಎಚ್ಚರಿಕೆಗಳು. ಗೋಡೆಯ ೨೩೦ ವೋಲ್ಟಿಗೆ ಸೇರುವ ಟ್ರಾನ್ಸ್‌ಫಾರ್ಮರನ್ನು ಹೊಸಬರು ಸುತ್ತಕೂಡದು. ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಪ್ರಾಣ ಕಳೆಯುತ್ತದೆ. ವಾಲ್ವು ಆಂಪ್ಲಿಫೈಯರಿನ ಗೀಳು ಹತ್ತಿದವರೂ ತಾಳ್ಮೆಯಿಂದಿರಬೇಕು. ಅವುಗಳೊಳಗೆ ನೂರಾರು ವೋಲ್ಟುಗಳಿರುತ್ತವೆ. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ಉಳಿದಿರುತ್ತವೆ. ೧೯೪೭ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ವಿಲಿಯಮ್‌ಸನ್ ಎಂಬಾತ ಪ್ರಕಟಿಸಿದ ಹೆಸರಾಂತ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿಗೆ ಪ್ರೈಮರಿಯೊಂದೇ ಹತ್ತು ಭಾಗಗಳಲ್ಲಿ ೪,೪೦೦ ಸುತ್ತು. ಅದು ಶಿಖರ, ನಾವು ಮೆಟ್ಟಿಲಿನಿಂದ ಆರಂಭಿಸೋಣ.

ಕೊನೆಯದಾಗಿ ಅಧ್ಯಾಪಕ ವರ್ಗದವರಲ್ಲಿ ಒಂದು ಬಿನ್ನಹ. ಚರ್ಚಾಕೂಟಕ್ಕೂ ಪ್ರವಾಸಕ್ಕೂ ನಮಗೆ ಅವಕಾಶ ಕೊಟ್ಟಿದ್ದೀರಿ. ವರ್ಷಕ್ಕೊಂದು ಸಂಜೆ ಊರಿನ ಮೋಟಾರು ಸುತ್ತುವ ಮೇಸ್ತ್ರಿಗಳೊಬ್ಬರನ್ನು ಕಾಲೇಜಿಗೆ ಕರೆಸಿ, ಅತಿಥಿಗಳ ಕುರ್ಚಿಯಲ್ಲಿ ಕೂರಿಸಿ, ಅವರ ಕೈಕೆಲಸವನ್ನು ನಾವು ನೋಡುವಂತೆ ಮಾಡಬಾರದೆ? ನಮ್ಮ ರೈತರ ಪಂಪುಗಳನ್ನು ಮತ್ತೆ ಮತ್ತೆ ಬದುಕಿಸುತ್ತಿರುವ ಆ ವಿದ್ಯೆಗೆ ನಮ್ಮ ಸಭಾಂಗಣದಲ್ಲಿ ಒಂದು ಹಾರವೂ ಸಂದಿಲ್ಲ. ಓದು ಒಂದು ಸುರುಳಿ, ಕೈಕೆಲಸ ಇನ್ನೊಂದು ಸುರುಳಿ. ಅವೆರಡನ್ನೂ ಒಂದೇ ಕಬ್ಬಿಣದ ಮೇಲೆ ಸುತ್ತಿದರೆ ಮಾತ್ರ ಒಂದರ ಶಕ್ತಿ ಇನ್ನೊಂದಕ್ಕೆ ದಾಟೀತು.